ಟ್ರಾನ್ಸಮ್ ಬಿರುಕು ಬಿಟ್ಟ ಹಳೆ ಫೈಬರ್ ದೋಣಿ: ಅಡ್ವಾನ್ಸ್‌ಗೆ ಮೊದಲು

ಮಲ್ಪೆಯಲ್ಲಿ ನೋಡಿದ ದೋಣಿಯ ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ಬಿಗಿಸುವ ಇಂಜಿನ್) ಬೋಲ್ಟ್‌ಗಳ ಸುತ್ತ ಬಿರುಕಿದೆ, ದಲ್ಲಾಳಿ 'ಬರೀ ಪೇಂಟ್ ಒಡೆದದ್ದು, ನಾಳೆಯೇ ಅಡ್ವಾನ್ಸ್ ಕೊಡಿ' ಅನ್ನುತ್ತಾನೆ ಅಂದಿರಿ. ಬಹುಶಃ ಬೋಲ್ಟ್ ತೂತಿನಿಂದ ನೀರಿಳಿದು ಟ್ರಾನ್ಸಮ್ (ಇಂಜಿನ್ ಕೂರಿಸುವ, ದೋಣಿಯ ಹಿಂಬದಿಯ ಗೋಡೆ) ಒಳಗಿನ ಪ್ಲೈವುಡ್ ಕೊಳೆತಿದೆ.

ದೋಣಿಯನ್ನು ದಡಕ್ಕೆ ಎಳೆಸಿ. ಇಂಜಿನ್ನನ್ನು ಅರ್ಧ ಎತ್ತಿ, ಅದರ ಕಾಲು (ಪ್ರೊಪೆಲ್ಲರ್ ಇರುವ ಕೆಳಭಾಗ) ಹಿಡಿದು ಮೇಲೆ ಕೆಳಗೆ ಒತ್ತಿ. ಬಿರುಕು ಬಾಯಿ ಬಿಟ್ಟರೆ ಟ್ರಾನ್ಸಮ್ ಹಾಳಾಗಿದೆ ಅಂತಲೇ ಅರ್ಥ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಇಂಚಿಂಚೂ ತಟ್ಟಿ: ಗಟ್ಟಿ ಜಾಗ ಟಕ್ ಟಕ್, ಕೊಳೆತದ್ದು ದಪ್. ಬಿರುಕು ಕೂದಲೆಳೆಯಷ್ಟಿದ್ದು ಸದ್ದು ಎಲ್ಲೂ ಬದಲಾಗದಿದ್ದರೆ ಜೆಲ್‌ಕೋಟ್ (ಫೈಬರ್ ಮೇಲಿನ ನುಣುಪು ಪದರ) ಮಾತ್ರ ಒಡೆದಿರಲೂಬಹುದು. ಸಂಶಯ ಉಳಿದರೆ ಮಾಲೀಕರನ್ನು ಒಪ್ಪಿಸಿ, ಒಳಬದಿಯಲ್ಲಿ ಕೆಳಗಡೆ 4 ಮಿ.ಮೀ. ತೂತು ಕೊರೆಸಿ. ಹೊರಬರುವ ಮರದ ಹೊಟ್ಟು ಒಣಗಿದ್ದರೆ ಸರಿ. ಕಪ್ಪಗೆ, ಒದ್ದೆಯಾಗಿ ಬಂದರೆ ಟ್ರಾನ್ಸಮ್ ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತೂತಿಗೆ ಎಪಾಕ್ಸಿ ಅಂಟು ತುಂಬಿಸಿ.

ಇಂಜಿನ್‌ಗೆ ನಿಮ್ಮದೇ ಮೆಕ್ಯಾನಿಕ್ ಇರಲಿ. ದಲ್ಲಾಳಿಗೆ ಕಮಿಷನ್ ಸಿಗುವುದು ವ್ಯಾಪಾರ ಕುದುರಿದರೆ ಮಾತ್ರ, ಅವನು ಕರೆತಂದ ಮೆಕ್ಯಾನಿಕ್‌ನ ಮಾತೂ ಅಷ್ಟೇ. ನೀವು ಹೋದಾಗ ಇಂಜಿನ್ ತಣ್ಣಗಿರಬೇಕು, ಮುಟ್ಟಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ. ಗೇರ್ ಆಯಿಲ್‌ನ ಕೆಳಗಿನ ಸ್ಕ್ರೂ ಸಡಿಲಿಸಿ. ಹಾಲು ಕಾಫಿಯ ಬಣ್ಣವಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿ, ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗೆ ಸವೆದಿರಬಹುದು.

ದೋಣಿ ನಂಬರ್, ಮಾಲೀಕರ ಹೆಸರು, ಇಂಜಿನ್ ಸೀರಿಯಲ್ ನಂಬರ್ ಕಾಗದಪತ್ರಕ್ಕೆ ತಾಳೆಯಾಗಬೇಕು. ಸಾಲ ಬಾಕಿಯಿದೆಯೇ ಕೇಳಿ. ಅಡ್ವಾನ್ಸ್ ಕೊಡಲೇಬೇಕಾದರೆ ಮಾಲೀಕರ ಖಾತೆಗೇ ಹಾಕಿ, 'ಪರೀಕ್ಷೆಯಲ್ಲಿ ದೋಷ ಕಂಡರೆ ಪೂರ್ತಿ ವಾಪಸ್' ಎಂದು ಬರೆದ ರಸೀದಿಗೆ ಅವರ ಸಹಿ ಹಾಕಿಸಿ.