ಜಡ್ಡಿನವರ ಮನೆಗೆ ಹೋಗುವ ಮುನ್ನ

ಬೆಟಗೇರಿಯಿಂದ ನಿವೃತ್ತ ಶಿಕ್ಷಕಿಯೊಬ್ಬರು ದೀರ್ಘ ಪತ್ರ ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಓಣಿಯ ಹೆಣ್ಣುಮಗಳೊಬ್ಬಳ ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಅತ್ತೆಗೆ ಕ್ಯಾನ್ಸರ್. ಒಂದು ಸಂಜೆ ಆಕೆ ಇವರ ಬಾಗಿಲಿಗೆ ಬಂದು, “ಅಕ್ಕಾರ, ಅರ್ಧಾ ತಾಸು ನಮ್ಮನ್ಯಾಗ ಕುಂದರ್ತೀರೇನ್ರಿ? ತಲಿ ಮ್ಯಾಲ ನೀರ ಹಾಕ್ಕೊಂಡು ಎಂಟು ದಿನಾತು” ಎಂದು ಕೇಳಿದಳಂತೆ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ಭಜನಾ ಮಂಡಳಿಯ ಐವರು ಗೆಳತಿಯರು ಸೇರಿ ಇಂಥ ಮನೆಗಳಿಗಾಗಿ ಒಂದು ಸಂಘ ಕಟ್ಟಬೇಕೆಂದಿದ್ದಾರೆ. ನೋಂದಣಿ ಹೇಗೆ, ದೇಣಿಗೆ ಎತ್ತಬಹುದೇ, ರಾತ್ರಿ ಪಾಳಿ ಮಾಡಬಹುದೇ ಎಂಬುದು ಅವರ ಪ್ರಶ್ನೆ. “ಮಂದಿ ಮನಿ ಉಸಾಬರಿ ನಿನಗ್ಯಾಕ?” ಎನ್ನುವುದು ಯಜಮಾನರ ಪ್ರಶ್ನೆ.

ಅಕ್ಕಾವ್ರೇ, ಗದಗ ಸೀಮೆಯವರಿಗೆ ಸಂಘ ಕಟ್ಟುವುದನ್ನು ಬೇರೆಯವರು ಕಲಿಸಬೇಕಿಲ್ಲ. 1905ರಲ್ಲಿ ನಿಮ್ಮ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಹುಟ್ಟುಹಾಕಿದಾಗ ದೇಶಕ್ಕೇ ಅದು ಹೊಸದು. ಆದರೂ ಸಂಘ ಈಗಲೇ ಬೇಡ ಎನ್ನುತ್ತೇನೆ. ಲೆಟರ್‌ಹೆಡ್ಡು, ಅಧ್ಯಕ್ಷರು, ಕಾರ್ಯದರ್ಶಿ, ಉದ್ಘಾಟನೆಗೆ ಸ್ವಾಮಿಗಳು ಯಾರು ಎಂಬ ಚರ್ಚೆಯಲ್ಲೇ ಎರಡು ತಿಂಗಳು ಹೋಗುತ್ತವೆ. ಅಷ್ಟರಲ್ಲಿ ಆ ಹೆಣ್ಣುಮಗಳು ಎಷ್ಟು ಸಲ ತಲೆಗೆ ಎರೆದುಕೊಂಡಾಳು? ನೀವು ಆರು ಮಂದಿ ಇದ್ದೀರಿ. ಒಂದೇ ಮನೆ ಹಿಡಿಯಿರಿ, ಆ ಮನೆಯನ್ನೇ.

ಮೊದಲ ಕೆಲಸ ಆಕೆಯೊಬ್ಬಳನ್ನೇ ಕೂರಿಸಿಕೊಂಡು ಮಾತಾಡುವುದು. ಅತ್ತೆಯ ಮಂಚದ ಬದಿಯಲ್ಲಿ ಬೇಡ. ಅಲ್ಲಿ ಕೇಳಿದರೆ “ಏನೂ ಬ್ಯಾಡ್ರಿ, ನಡದೈತಿ” ಎಂದೇ ಹೇಳುತ್ತಾಳೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋದವರಿಗೆ ಮರುವಾರ ಮುಯ್ಯಿ ತೀರಿಸುವ ದಾರಿ ಇರುತ್ತದೆ, ಈಕೆಗೆ ಅದಿಲ್ಲ. ಹಾಗಾಗಿಯೇ ಕೇಳಲು ಬಾಯಿ ಬರುವುದಿಲ್ಲ. “ಏನರ ಬೇಕಾದ್ರ ಹೇಳವಾ” ಎಂದು ನೀವು ಅಂದರೆ ಕೇಳುವ ಭಾರವೂ ಅವಳ ತಲೆಗೇ ಬೀಳುತ್ತದೆ. “ಮಂಗಳವಾರ ಮತ್ತ ಶುಕ್ರವಾರ ಮೂರರಿಂದ ಐದರ ತನಕಾ ನಾನು ಇಲ್ಲಿ ಕುಂದರ್ತೀನಿ, ನೀ ಮಲಕೋತಿಯೋ, ಪ್ಯಾಟಿಗೆ ಹೋಗ್ತಿಯೋ ನೋಡು” ಎನ್ನಿ. ದಿನ, ತಾಸು, ಕೆಲಸ ಮೂರನ್ನೂ ನೀವೇ ಹೇಳಿ. ಬೇಡವಾದದ್ದನ್ನು ಆಕೆ ತೆಗೆದುಹಾಕಲಿ.

ಯಾರು ಯಾವ ದಿನ ಹೋಗಬೇಕೆಂಬುದನ್ನು ನಿಮ್ಮಲ್ಲೊಬ್ಬರು ವಹಿಯಲ್ಲಿ ಬರೆದಿಡಬೇಕು. ಆ ಒಬ್ಬರು ಮನೆಯೊಳಗಿನ ಕೆಲಸಕ್ಕೆ ಹೋಗದಿದ್ದರೂ ಸರಿಯೇ. ಒಬ್ಬರಿಗೆ ಮೊಮ್ಮಗನ ಜವಳವೋ ಕುಬಸದ ಕಾರ್ಯಕ್ರಮವೋ ಬಂದರೆ ಬದಲಿ ಹುಡುಕುವುದು ಅವರ ಕೆಲಸ. ಆರು ಮಂದಿಯೂ ಆಕೆಗೇ ಫೋನ್ ಮಾಡಿ “ಇವತ್ತು ಬರಲೇನು” ಎಂದು ಕೇಳತೊಡಗಿದರೆ, ಇಬ್ಬರು ರೋಗಿಗಳ ಜತೆಗೆ ನಿಮ್ಮ ಮಂಡಳಿಯ ಚಾಕರಿಯೂ ಅವಳ ಪಾಲಿಗೆ ಬರುತ್ತದೆ.

ಚಹಾದ ವಿಷಯವನ್ನೂ ಹೇಳಬೇಕು. ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಿ ಬರುವುದು ದೊಡ್ಡ ರೀತಿ. ಬೀಗರು, ತವರಿನವರು, ನೆಗೆಣ್ಣಿಯ ಕಡೆಯವರು ಬಾಳೆಹಣ್ಣು, ಬಿಸ್ಕೀಟು ಹಿಡಿದು ಬರುತ್ತಾರೆ, ಮಂಚದ ಸುತ್ತ ಕೂರುತ್ತಾರೆ. ಇಂಥದೇ ಜಡ್ಡಿನಿಂದ ತೀರಿಹೋದ ಯಾರದೋ ಕಥೆ ಹೇಳುತ್ತಾರೆ, ಯಾವುದೋ ಊರಿನ ನಾಟಿ ಔಷಧ ಕೊಡಿಸಿ ಎನ್ನುತ್ತಾರೆ. ಅಷ್ಟೂ ಮಂದಿಗೆ ಚಹಾ ಮಾಡಿ ಕಪ್ಪು ಬಸಿ ತೊಳೆಯುವವಳು ಅವಳೇ. ಬಂದವರದು ಕೆಟ್ಟ ಮನಸ್ಸೇನಲ್ಲ, ಆದರೆ ಅವರು ಹೋದ ಮೇಲೆ ಮನೆಯಲ್ಲಿ ಕೆಲಸ ಹೆಚ್ಚಾಗಿರುತ್ತದೆ. ನಿಮ್ಮ ಮಂಡಳಿಯವರು ಆ ಮನೆಯಲ್ಲಿ ಚಹಾ ಕುಡಿಯುವುದಿಲ್ಲ ಎಂದು ಮೊದಲ ದಿನವೇ ಗೊತ್ತಾಗಲಿ. ಬೀಗರು ಬಂದ ದಿನ ನಿಮ್ಮಲ್ಲೊಬ್ಬರು ಅಡಿಗೆಮನೆಗೆ ಹೋಗಿ ನೀವೇ ಚಹಾ ಮಾಡಿಕೊಟ್ಟರೆ ಅದೂ ಸೇವೆಯೇ. ಆಕೆ ಒತ್ತಾಯಿಸಿ ಎರಡು ರೊಟ್ಟಿ ಕಟ್ಟಿಕೊಟ್ಟರೆ ಮಾತ್ರ ಬೇಡವೆನ್ನಬೇಡಿ. ಕೊಡಲು ತನ್ನ ಹತ್ತಿರವೂ ಏನೋ ಇದೆ ಎಂದು ಅವಳಿಗೆ ಅನಿಸಲಿ.

ಹೊರಗಿನ ಕೆಲಸಗಳಲ್ಲಿ ನಿಮ್ಮ ಯಜಮಾನರಿಗೂ ಪಾಲಿದೆ. ನಳದ ನೀರು ದಿನಾ ಬರದ ನಮ್ಮೂರುಗಳಲ್ಲಿ ನೀರು ಬಿಟ್ಟ ಹೊತ್ತಿಗೇ ರೋಗಿಯ ಬಟ್ಟೆ ಬದಲಿಸಬೇಕಾಗಿ ಬಂದರೆ ಆ ಮನೆಯ ಗತಿಯೇನು? ಡ್ರಮ್ಮು, ಕೊಡ ತುಂಬಿಸಲು ಗಂಡಸರೊಬ್ಬರು ಬೇಕು. ಜೋಳ ಗಿರಣಿಗೆ ಒಯ್ಯುವುದು, ಕರೆಂಟ್ ಬಿಲ್ಲು, ಔಷಧ ತರುವುದು, ಲಕ್ವಾ ಆದವನನ್ನು ಆಟೋಗೆ ಹತ್ತಿಸುವುದು ಇವೂ ಅವರಿಂದ ಆಗುವಂಥವು. ಗಂಡುರೋಗಿಯ ಮೈ ಒರೆಸಲು ನಿಮ್ಮ ಮಂಡಳಿಯ ಹೆಂಗಸರನ್ನು ಕಳಿಸುವುದು ಆತನಿಗೂ ನಾಚಿಕೆ, ಅವರಿಗೂ ಮುಜುಗರ. ರೇಷನ್ ಮಾತ್ರ ಆಕೆಯೇ ತರಬೇಕು, ಏಕೆಂದರೆ ಕಾರ್ಡಿನಲ್ಲಿ ಹೆಸರಿದ್ದವರೇ ಹೆಬ್ಬೆಟ್ಟು ಒತ್ತಬೇಕು. ಆ ಹೊತ್ತು ನೀವು ಮನೆಯಲ್ಲಿ ಕೂತಿರಿ. ಯಜಮಾನರು ಒಂದು ಸಲ ನೀರು ತುಂಬಿ ಬಂದರೆ ‘ಉಸಾಬರಿ’ಯ ಮಾತು ಕಡಿಮೆಯಾಗುತ್ತದೆ ಎಂದು ನನ್ನ ಅಂದಾಜು.

ಇನ್ನು ಮಾಡಬಾರದ್ದು. ಕೇರಳದ ಸುದ್ದಿ ಓದಿ ನಿಮಗೆ ಹುರುಪು ಬಂದಿದೆ ಎಂದು ಬರೆದಿದ್ದೀರಿ. ಅಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಉಪಶಮನದ ಸಂಸ್ಥೆ ಕಟ್ಟಿದರು. ಮುಂದೆ ಮಲಪ್ಪುರಂ ಕಡೆ ಇಂಥ ರೋಗಿಗಳನ್ನು ನೋಡಿಕೊಳ್ಳುವ ನೆರೆಹೊರೆಯವರ ಜಾಲವೇ ಬೆಳೆಯಿತು. ವಾರಕ್ಕೆ ಕನಿಷ್ಠ ಎರಡು ತಾಸು ಕೊಡಬಲ್ಲ ಸಾಮಾನ್ಯ ಜನರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. 2008ರಲ್ಲಿ ಕೇರಳ ಸರ್ಕಾರವೇ ಉಪಶಮನ ಆರೈಕೆಗೆ ನೀತಿ ರೂಪಿಸಿತು. ಎರಡು ತಾಸಿನ ಲೆಕ್ಕವನ್ನು ಅವರಿಂದ ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಅಲ್ಲಿ ಸ್ವಯಂಸೇವಕರ ಬೆನ್ನಿಗೆ ನರ್ಸ್ ಇರುತ್ತಾರೆ, ವೈದ್ಯರು ಇರುತ್ತಾರೆ. ನಿಮಗೆ ಸದ್ಯ ಅವರಿಲ್ಲ. ಹಾಗಾಗಿ ಮೂಗಿನ ನಳಿಗೆ, ಮೂತ್ರದ ನಳಿಗೆ, ಹುಣ್ಣಿನ ಡ್ರೆಸ್ಸಿಂಗ್ ಮುಟ್ಟಬೇಡಿ. ಮಾತ್ರೆಯ ಡಬ್ಬಿ ನಿಮ್ಮ ಕೈಗೆ ಬರುವುದೂ ಬೇಡ.

ಲಕ್ವಾ ಆದವರ ಬಾಯಿಗೆ ಪ್ರೀತಿಯಿಂದ ಏನನ್ನೂ ಹಾಕಬೇಡಿ, ತೀರ್ಥ, ಪ್ರಸಾದ ಕೂಡ. ಎಷ್ಟೋ ಮಂದಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಒಂದು ಗುಟುಕು ನೀರು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಆಗಬಹುದು. ಏನು ಕೊಡಬಹುದು, ಎಷ್ಟು ಗಟ್ಟಿ ಇರಬೇಕು, ತಲೆ ಎಷ್ಟು ಎತ್ತಿ ಕೂರಿಸಬೇಕು ಎಂಬುದನ್ನು ವೈದ್ಯರನ್ನು ಕೇಳಿಯೇ ತಿಳಿಯಿರಿ. ಮಗ್ಗುಲು ಬದಲಿಸುವುದನ್ನು ಮಾತ್ರ ಯಾರಾದರೂ ನರ್ಸಮ್ಮನಿಂದ ಕಲಿತುಕೊಳ್ಳಿ. ತಾನಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಹೊರಳಿಸದಿದ್ದರೆ ಟೊಂಕದ ಹತ್ತಿರ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮಡಿಚಿದ ಹಾಸಿನ ಮೇಲೆ ಇಬ್ಬರು ಸೇರಿ ಸರಿಸಬೇಕು, ರೆಟ್ಟೆ ಹಿಡಿದು ಎಳೆಯಬಾರದು. ಒಬ್ಬರೇ ಎತ್ತಲು ಹೋಗಿ ನಿಮ್ಮ ಟೊಂಕ ಹಿಡಿದರೆ ಓಣಿಯಲ್ಲಿ ಇನ್ನೊಬ್ಬ ರೋಗಿ. ಇದನ್ನೆಲ್ಲ ಒಂದು ಮಧ್ಯಾಹ್ನ ತೋರಿಸಿಕೊಡಲು ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಕೇಂದ್ರದವರನ್ನು ಕೇಳಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಅತ್ತೆಯನ್ನು ಕರೆದೊಯ್ಯುವ ದಿನ ನಿಮ್ಮಲ್ಲೊಬ್ಬರು ಜತೆಗೆ ಹೋಗಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು.

ಆ ಚೀಟಿಯಲ್ಲಿ ನೋವಿನ ಪ್ರಶ್ನೆ ಮೊದಲಿರಲಿ. ಅತ್ತೆ ರಾತ್ರಿಯಿಡೀ ನರಳಿದರೆ ಸೊಸೆ ನಿದ್ದೆ ಮಾಡುವುದಿಲ್ಲ. ಆಗ ಎಷ್ಟು ಮಂದಿ ಪಾಳಿ ಹಾಕಿದರೂ ಅವಳ ದಣಿವು ಇಳಿಯದು. ಮಾರ್ಫಿನ್ ಎಂದರೆ ಕೊನೆಯ ಔಷಧ, ಚಟ ಹತ್ತುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ವೈದ್ಯರು ಕ್ಯಾನ್ಸರ್ ನೋವಿಗೆ ಅಳತೆ ನೋಡಿ ಕೊಟ್ಟಾಗ ಆ ಭಯಕ್ಕೆ ಅಷ್ಟು ಆಧಾರವಿಲ್ಲ. ಈ ಔಷಧ ಆಸ್ಪತ್ರೆಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾಗಿದೆ. ನೋವು ತಡೆದುಕೊಳ್ಳುವುದೇ ರೋಗಿಯ ಧರ್ಮ ಎಂಬಂತೆ ಮಾತಾಡುವ ಬಂಧುಗಳಿದ್ದರೆ ಅವರಿಗೆ ಇದನ್ನು ಹೇಳಿ.

ರಾತ್ರಿ ಪಾಳಿಯ ಭರವಸೆ ಈಗ ಕೊಡಬೇಡಿ. ನಿಮ್ಮ ವಯಸ್ಸಿನವರು ಎರಡು ರಾತ್ರಿ ಕೂತು ಮೂರನೆಯ ವಾರ ಬಿಟ್ಟರೆ, ನಂಬಿದವಳಿಗೆ ಮೊದಲಿಗಿಂತ ಹೆಚ್ಚು ಕಷ್ಟ. ಹಗಲಿನ ಎರಡು ತಾಸು ತಪ್ಪದೆ ಸಿಕ್ಕರೆ ಆಕೆ ಆಗಲೇ ಮಲಗುತ್ತಾಳೆ. ನಿದ್ದೆ ಪೂರಾ ಹೋಗಿ, ಬದುಕೇ ಬೇಡವೆಂಬ ಮಾತು ಆಕೆಯ ಬಾಯಲ್ಲಿ ಬಂದರೆ ಸಮಾಧಾನ ಹೇಳಿ ಸುಮ್ಮನಾಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿಸಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ನಿಮಗೆ ದೂರವಲ್ಲ.

ಆ ಮನೆಯಲ್ಲಿ ಕಂಡದ್ದು, ಕೇಳಿದ್ದು ಭಜನೆಯ ಕಟ್ಟೆಗೆ ಬರಬಾರದು. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವವರು ನಿಮ್ಮಲ್ಲಿದ್ದರೆ, ಎಷ್ಟೇ ಸೇವಾಭಾವದವರಾಗಿದ್ದರೂ, ಅವರಿಗೆ ಹೊರಗಿನ ಕೆಲಸವನ್ನೇ ಕೊಡಿ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆ. ಮನೆಯಲ್ಲಿ ಬೇಕಾಗುವ ಡೈಪರು, ಗಾಳಿಹಾಸಿಗೆಗೆ ಆ ಕಾರ್ಡು ಬರುವುದಿಲ್ಲ. ಆದರೂ ದೇಣಿಗೆ ಎತ್ತುವ ಮೊದಲು ಊರಿನ ಮಾಳಿಗೆಗಳನ್ನು ಹುಡುಕಿ. ತೀರಿಕೊಂಡವರ ವೀಲ್‌ಚೇರು, ಕಮೋಡ್ ಕುರ್ಚಿ, ವಾಟರ್‌ಬೆಡ್ಡು ಎಷ್ಟೋ ಮನೆಗಳಲ್ಲಿ ಧೂಳು ತಿನ್ನುತ್ತಿವೆ. ಮಾರಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಕೇಳಿದರೆ ಕೊಡುತ್ತಾರೆ. ಯಾರದ್ದು ಯಾರ ಮನೆಯಲ್ಲಿದೆ ಎಂದು ಅದೇ ವಹಿಯಲ್ಲಿ ಬರೆಯಿರಿ.

ರೋಗಿ ತೀರಿಕೊಂಡ ಮೇಲೂ ಕೆಲವು ವಾರ ನಿಮ್ಮ ಮಂಗಳವಾರ, ಶುಕ್ರವಾರ ನಿಲ್ಲಬಾರದು. ದಿನಕರ್ಮ ಮುಗಿದು ನೆಂಟರು ಬಸ್ಸು ಹತ್ತಿದ ಮೇಲೆಯೇ ಆಕೆಗೆ ಮಾತಾಡುವವರು ಬೇಕಾಗುತ್ತಾರೆ. “ನೀನೂ ನಮ್ಮ ಜೋಡಿ ಬಾ” ಎಂದು ಆಗಲೇ ಎಳೆಯಬೇಡಿ. ವರ್ಷ ಕಳೆಯಲಿ.

ನೋಂದಣಿಯನ್ನು ಮೂರನೆಯ ಮನೆಯವರು ತಾವಾಗಿ ಕೇಳಿಕೊಂಡು ಬಂದಾಗ, ಇಲ್ಲವೇ ಯಾರಾದರೂ ಕೈಗೆ ದುಡ್ಡು ಕೊಡಲು ಬಂದಾಗ ಯೋಚಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಸದಸ್ಯರು ಬೇಕು. ನೀವು ಆರು ಮಂದಿ ಇದ್ದೀರಿ, ಏಳನೆಯವರಾಗಿ ಯಜಮಾನರ ಸಹಿ ಹಾಕಿಸಬಹುದು.

— ಸಂಪಾದಕ