ಮೆಟ್ಟಿಲವರೆಗೆ ಹೋಗಿ ಬಂದವರಿಗೆ

ಪತ್ರ: ‘ನನಗೆ 43 ವರ್ಷ. ಕುಡಿತ ಬಿಟ್ಟು ಐದು ವಾರ ಆಯಿತು. ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಕಳಿಸುವಾಗ ಡಾಕ್ಟರು ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್ ತಪ್ಪಿಸಬೇಡಿ ಅಂದರು. ಎರಡು ಗುರುವಾರ ಹೋದೆ. ಎರಡೂ ಸಲ ಮೆಟ್ಟಿಲ ಹತ್ತಿರ ನಿಂತು ವಾಪಸ್ ಬಂದೆ. ಅದು ಚರ್ಚಿನ ಹಾಲ್. ಗುರುತಿನವರು ಇದ್ದರೆ? ಎದ್ದು ನಿಂತು ಎಲ್ಲಾ ಹೇಳಿಕೊಳ್ಳಬೇಕಂತೆ, ಹೌದಾ? ಹೋಗಿದ್ರಾ ಅಂತ ಮನೆಯವಳು ಕೇಳ್ತಾಳೆ. ಹೂಂ ಅಂತೀನಿ.’
— ಹೆಸರು ಬೇಡ, ದಾವಣಗೆರೆ

ಉತ್ತರ: ಆ ಕೊನೆಯ ‘ಹೂಂ ಅಂತೀನಿ’ ನನಗೆ ತುಂಬಾ ಹಿಡಿಸಿತು. ಹೇಳಿದ ಸುಳ್ಳನ್ನು ಮುಚ್ಚಿಡದೆ ಬರೆದಿದ್ದೀರಿ. ಮೀಟಿಂಗಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಗುರುತಿನವರು ಸಿಕ್ಕರೆ ಅಂತ ಕೇಳಿದ್ದೀರಿ. ಸಿಕ್ಕರೆ ಅವರೂ ಆ ಮೆಟ್ಟಿಲ ಹತ್ತಿರ ಒಂದಿನ ನಿಮ್ಮ ಹಾಗೇ ನಿಂತಿದ್ದವರು, ಅಲ್ವಾ? ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನೋ ಹೆಸರಿನಲ್ಲೇ ಅನಾಮಧೇಯತೆ ಇದೆ. ಹೆಸರು ಹೇಳಿದರೆ ಸಾಕು, ಅದೂ ಪೂರ್ತಿ ಬೇಡ. ಸದಸ್ಯತ್ವಕ್ಕೆ ಇರುವುದು ಒಂದೇ ಷರತ್ತು, ಕುಡಿತ ಬಿಡಬೇಕೆಂಬ ಆಸೆ. ಫೀಸಿಲ್ಲ. ಕೊನೆಗೆ ಒಂದು ಡಬ್ಬಿಯೋ ಚೀಲವೋ ಕೈಯಿಂದ ಕೈಗೆ ಬರುತ್ತದೆ. ಹಾಲಿನ ಬಾಡಿಗೆಗೆ, ಟೀಗೆ ಇಷ್ಟವಿದ್ದವರು ಹಾಕುತ್ತಾರೆ. ಹೊಸಬರು ಹಾಕದೆ ಮುಂದಕ್ಕೆ ದಾಟಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮೀಟಿಂಗುಗಳಲ್ಲಿ ಎರಡು ಬಗೆ. ಕುಡಿತದ ತೊಂದರೆ ಇರುವವರಿಗೆ ಮಾತ್ರ ಒಂದು, ಯಾರು ಬೇಕಾದರೂ ಬಂದು ಕೂರಬಹುದಾದ ತೆರೆದ ಮೀಟಿಂಗ್ ಇನ್ನೊಂದು. ವರದಿಗಾರನಾಗಿದ್ದಾಗ ಅಂಥ ತೆರೆದ ಮೀಟಿಂಗ್ ಒಂದಕ್ಕೆ ನಾನೂ ಹೋಗಿದ್ದೆ. ಅಲ್ಲಿ ಕೇಳಿದ್ದನ್ನು ಬರೆಯುವ ಹಾಗಿಲ್ಲ, ನೋಡಿದ್ದನ್ನು ಹೇಳಬಹುದು. ಮಕ್ಕಳ ಭಾನುವಾರದ ಕ್ಲಾಸಿನ ಕೋಣೆ. ಗೋಡೆ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆದ ಕುರಿಮರಿಗಳು. ಹದಿನೈದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲೊಂದಕ್ಕೆ ಕೈ ಮುರಿದಿತ್ತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಒಬ್ಬರು ಬ್ಯಾಗು ತೊಡೆಮೇಲೆ ಇಟ್ಟುಕೊಂಡೇ ಕೂತಿದ್ದರು, ಯಾವ ಕ್ಷಣದಲ್ಲಾದರೂ ಎದ್ದು ಹೋಗುವವರ ಹಾಗೆ. ಅವರ ಸರದಿ ಬಂದಾಗ ‘ಇವತ್ತು ಕೇಳ್ತೀನಿ ಅಷ್ಟೆ’ ಅಂದರು. ಸರಿ ಅಂತ ಮಾತು ಪಕ್ಕದವರಿಗೆ ಹೋಯಿತು. ಟೀ ಬರುವ ಹೊತ್ತಿಗೆ ಬ್ಯಾಗು ಕೆಳಗಿತ್ತು. ಎದ್ದು ನಿಂತು ಹೇಳಬೇಕಾ ಅಂದರಲ್ಲ, ಬೇಡ. ಕೂತೇ ‘ಇವತ್ತು ಬೇಡ’ ಅಂದರೂ ನಡೆಯುತ್ತದೆ.

ಚರ್ಚು ಅಂತ ಹಿಂಜರಿಯಬೇಡಿ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಹಾಲ್ ಸಿಕ್ಕ ಕಡೆ ಸೇರುತ್ತಾರೆ. ದೇವರ ಮಾತು ಬರುತ್ತದೆ, ನಿಜ. ‘ನಾವು ತಿಳಿದುಕೊಂಡ ಹಾಗಿನ ದೇವರು’ ಅಂತಾರೆ. ನಿಮಗೆ ಬಸವಣ್ಣನೇ ಇರಲಿ, ಏನೂ ಇಲ್ಲದಿರಲಿ, ಅದು ನಿಮ್ಮ ಪಾಡಿಗೆ.

ಇದೆಲ್ಲ ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ಅನ್ನೋ ಊರಲ್ಲಿ. ಬಿಲ್ ಅನ್ನೋ ಷೇರು ವ್ಯವಹಾರದ ಮನುಷ್ಯ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತ್ತು, ಹೋಟೆಲಿನ ಬಾರ್ ಕಣ್ಣೆದುರಿಗಿತ್ತು. ಬಾರಿಗೆ ಹೋಗದೆ ಇನ್ನೊಬ್ಬ ಕುಡುಕನನ್ನು ಹುಡುಕಿ ಫೋನ್ ಮೇಲೆ ಫೋನ್ ಮಾಡಿದ. ಸಿಕ್ಕಿದ್ದು ಬಾಬ್ ಅನ್ನೋ ಸರ್ಜನ್. ಆತ ‘ಹದಿನೈದೇ ನಿಮಿಷ’ ಅಂತ ಹೇಳಿಸಿಕೊಂಡೇ ಬಂದದ್ದು. ಎದ್ದು ಹೋಗುವಾಗ ರಾತ್ರಿ ಹನ್ನೊಂದು ದಾಟಿತ್ತು. ಇಬ್ಬರಿಂದ ಶುರುವಾದದ್ದು 1957ರ ಹೊತ್ತಿಗೆ ನಮ್ಮ ದೇಶಕ್ಕೂ ಬಂತು. ನೀವೂ ಹದಿನೈದು ನಿಮಿಷ ಅಂತಲೇ ಹೋಗಿ, ಪರವಾಗಿಲ್ಲ.

ಮೊದಲ ಮೀಟಿಂಗ್ ಹಿಡಿಸದಿದ್ದರೆ ಎ.ಎ.ಯನ್ನೇ ಬಿಡಬೇಡಿ, ಗುಂಪು ಬದಲಿಸಿ. ಒಂದು ಕಡೆ ಬರೀ ಹಿರಿಯರು, ಇನ್ನೊಂದು ಕಡೆ ಬರೀ ಇಂಗ್ಲಿಷ್, ಮತ್ತೊಂದು ಕಡೆ ಒಬ್ಬರೇ ಮಾತಾಡುತ್ತಾರೆ. ನಾಲ್ಕೈದು ಕಡೆ ಕೂತು ನೋಡಿ. ಎ.ಎ. ನಂಬರಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಎತ್ತುವುದು ಸದಸ್ಯರೇ. ಯಾವ ಭಾಷೆ, ತೆರೆದ ಮೀಟಿಂಗಾ, ಎರಡನ್ನೂ ಅಲ್ಲೇ ಕೇಳಿಬಿಡಿ. ಊರಲ್ಲಿ ಇಲ್ಲದವರಿಗೆ ಮೊಬೈಲಿನಲ್ಲೇ ಸೇರುವ ಮೀಟಿಂಗ್‌ಗಳೂ ಇವೆ. ಹಳ್ಳಿ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರುತ್ತಾರೆ. ದಾರಿ ಬೇರೆ, ಕೂರುವುದು ಒಂದೇ ಕಾರಣಕ್ಕೆ.

ಒಂದು ತಕರಾರು ನನಗಿದೆ. ಕೆಲವು ಹಳಬರು ಉತ್ಸಾಹದಲ್ಲಿ ‘ಮಾತ್ರೆ ಯಾಕೆ, ಮೀಟಿಂಗ್ ಸಾಕು’ ಅಂದುಬಿಡುತ್ತಾರೆ. ಕೇಳಬೇಡಿ. ಮಾತ್ರೆ ಡಾಕ್ಟರ ವಿಷಯ.

ಇದನ್ನು ಓದುತ್ತಿರುವ ಬೇರೆಯವರಿಗೂ ಎರಡು ಮಾತು. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಿ ಜೀವಕ್ಕೇ ಬರಬಹುದು. ಮೊದಲು ಆಸ್ಪತ್ರೆ. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇನ್ನು ‘ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ’ ಅನ್ನೋ ಜಾಹೀರಾತಿನ ಪುಡಿ ದಯವಿಟ್ಟು ಬೇಡ. ಅದರಲ್ಲಿ ಏನಿದೆ ಅಂತ ತಿಳಿಯದೆ ಮೇಲೆ ಕುಡಿದರೆ ಆಸ್ಪತ್ರೆಗೆ ಹೊತ್ತೊಯ್ಯಬೇಕಾಗಬಹುದು.

ಮನೆಯವರಿಗೆ ಆಲ್-ಅನಾನ್ ಅಂತ ಬೇರೆಯೇ ಗುಂಪಿದೆ, ಕುಡಿಯುವವರ ಮನೆಯವರದ್ದು. ಆದರೆ ಆ ಮಾತೆತ್ತುವ ಮೊದಲು ‘ಎರಡು ವಾರ ಮೆಟ್ಟಿಲವರೆಗೆ ಮಾತ್ರ ಹೋಗಿದ್ದೆ’ ಅಂತ ಅವರಿಗೆ ಹೇಳಿಬಿಡಿ. ಬೈಯಬಹುದು, ಬೈಯಲಿ.

ಗುರುವಾರ ಮೀಟಿಂಗಿನ ಸಮಯಕ್ಕೆ ಸರಿಯಾಗಿ ಹೋಗಬೇಡಿ. ತುಂಬಿದ ಕೋಣೆಯೊಳಗೆ ಕಾಲಿಡುವುದು ಕಷ್ಟ. ಅರ್ಧ ಗಂಟೆ ಮುಂಚೆ ಹೋಗಿ. ಆಗ ಯಾರೋ ಒಬ್ಬರೋ ಇಬ್ಬರೋ ಕುರ್ಚಿ ಜೋಡಿಸುತ್ತಿರುತ್ತಾರೆ. ಸುಮ್ನೆ ನೀವೂ ನಾಲ್ಕು ಕುರ್ಚಿ ಎಳೆದುಹಾಕಿ, ಅದರಲ್ಲೊಂದರಲ್ಲಿ ಕೂತುಬಿಡಿ.