ಪಿಆರ್ (ಸಾರ್ವಜನಿಕ ಸಂಪರ್ಕ) ವಿದ್ಯಾರ್ಥಿ ತಾನು ಇಂಟರ್ನ್ ಆಗಿರುವ ಕಂಪನಿ ಬಗ್ಗೆ ಬ್ಲಾಗ್ ಬರೆಯಬಹುದಾ?

ಬರೆಯಬಹುದು. ಆದರೆ ‘ನಾನು ಇಲ್ಲಿ ಇಂಟರ್ನ್, ಅಭಿಪ್ರಾಯ ನನ್ನದೇ’ ಎಂಬ ಸಾಲು ಬರಹದ ಮೇಲ್ಭಾಗದಲ್ಲೇ ಇರಲಿ. ಪರಿಚಯದ ಪುಟದಲ್ಲಿ ಅಡಗಿಸಿಟ್ಟರೆ ಯಾರು ನೋಡುತ್ತಾರೆ ಹೇಳಿ?

2006ರಲ್ಲಿ ಅಮೆರಿಕದ ಒಂದು ಜೋಡಿ ಊರೂರು ಸುತ್ತುತ್ತಾ ವಾಲ್‌ಮಾರ್ಟ್ ಎಂಬ ದೊಡ್ಡ ಅಂಗಡಿ ಸರಣಿ ಬಗ್ಗೆ ಬ್ಲಾಗಿನಲ್ಲಿ ಒಳ್ಳೊಳ್ಳೆಯ ಮಾತು ಬರೆಯಿತು. ಖರ್ಚು ನೋಡಿಕೊಂಡಿದ್ದು ವಾಲ್‌ಮಾರ್ಟ್ ಹಣದಿಂದ ನಡೆಯುತ್ತಿದ್ದ ಗುಂಪು. ಬರೆಯುವವರು ಯಾರು ಅಂತ ಓದುಗರಿಗೆ ಪೂರ್ತಿ ಹೇಳಿರಲಿಲ್ಲ. ಗುಟ್ಟು ರಟ್ಟಾದ ಮೇಲೆ ವಾಲ್‌ಮಾರ್ಟ್ ಪರವಾಗಿ ಈ ಬ್ಲಾಗಿನ ಹಿಂದಿದ್ದ ಎಡೆಲ್ಮನ್ ಎಂಬ ಪಿಆರ್ ಸಂಸ್ಥೆಯ ಮುಖ್ಯಸ್ಥರೇ ಕ್ಷಮೆ ಕೇಳಬೇಕಾಯಿತು. ಊರಿಗೆಲ್ಲಾ ನಂಬಿಕೆ ಬಗ್ಗೆ ಪಾಠ ಹೇಳುವವರಿಗೇ ಹೀಗಾಯಿತು ಅಲ್ವಾ!

ಕ್ಲೈಂಟ್ ಮೀಟಿಂಗ್‌ನಲ್ಲಿ ಕೇಳಿದ್ದನ್ನು, ಇನ್ನೂ ಹೊರಬೀಳದ ಪತ್ರಿಕಾ ಪ್ರಕಟಣೆಯನ್ನು ಮುಟ್ಟಲೇಬೇಡಿ. ಹೆಸರು ಮರೆಸಿದರೂ ಆ ಕ್ಷೇತ್ರದವರು ಕಂಡುಹಿಡಿಯುತ್ತಾರೆ. ಬರೆದದ್ದು ತಪ್ಪಾದರೆ ಸದ್ದಿಲ್ಲದೆ ಅಳಿಸಬೇಡಿ. ತಿದ್ದಿ, ಏನು ತಿದ್ದಿದ್ದೀರಿ ಅಂತ ಅಲ್ಲೇ ಬರೆಯಿರಿ.